ಹಳೆಯ ಖಡ್ಗಕ್ಕೆ ಹೊಸ ಸುಂಕ: ವಿದೇಶದಿಂದ ಪುರಾತನ ಆಯುಧ ತರಿಸುವ ಮುನ್ನ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಟಿಪ್ಪು ಸುಲ್ತಾನನ ಶಯನಗೃಹದಲ್ಲಿ ದೊರೆತ ಖಡ್ಗವನ್ನು ದಾಳಿಯ ಮುಂಚೂಣಿಯಲ್ಲಿದ್ದ ಡೇವಿಡ್ ಬೇರ್ಡ್ ಎಂಬ ಸೇನಾಧಿಕಾರಿಗೆ ಕಾಣಿಕೆಯಾಗಿ ನೀಡಲಾಯಿತು. ಅದೇ ಖಡ್ಗ 2023ರ ಮೇ 23ರಂದು ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರವು ನಾಗಪುರದ ರಘೂಜಿ ಭೋಸಲೆಯ ಖಡ್ಗವನ್ನು ಲಂಡನ್ ಹರಾಜಿನಲ್ಲಿಯೇ ಪಡೆದು, ಬಳಿಕ ತಾಯ್ನಾಡಿಗೆ ತಂದಿತು. ಇಂತಹ ಸುದ್ದಿಗಳು ಪ್ರಕಟವಾದಾಗಲೆಲ್ಲ ನಮ್ಮ ಸದಸ್ಯ ಬಾಂಧವರಲ್ಲಿ ಕೆಲವರಾದರೂ ವಿಚಾರಿಸುವ ಪ್ರಶ್ನೆ ಒಂದೇ: “ಇಂತಹದೊಂದನ್ನು ನಾವು ತರಿಸಿದರೆ ಸುಂಕ ಎಷ್ಟಾದೀತು?”

ಕೆಲವು ವರ್ಷಗಳ ಹಿಂದೆ ನಮ್ಮ ಕಕ್ಷಿದಾರರೊಬ್ಬರು ಇದೇ ಪ್ರಶ್ನೆಯನ್ನು ಕೇಳಿದ್ದರು. ಅವರು ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕರು. ಆಮದು ವ್ಯವಹಾರಕ್ಕೆ ಹೊಸಬರಲ್ಲ. ನಾನು ಸುಂಕದ ಲೆಕ್ಕವನ್ನು ಬರೆದುಕೊಟ್ಟೆ. ಅದಕ್ಕಿಂತ ಹೆಚ್ಚಿನದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾರಾಟಗಾರನು ಪೊಟ್ಟಣದ ಮೇಲೆ “ಅಲಂಕಾರಿಕ ಲೋಹದ ವಸ್ತು” ಎಂದು ಬರೆದು ಕಳುಹಿಸಿದ್ದ. ಸುಂಕದ ಅಧಿಕಾರಿಗಳು ತೆರೆದು ನೋಡಿದಾಗ ಒಳಗಿದ್ದುದು ಖಡ್ಗ. ಜೊತೆಗೆ ಪರವಾನಗಿ ಇರಲಿಲ್ಲ. “ಸುಂಕ ಎಷ್ಟಾದರೂ ಕಟ್ಟುತ್ತೇನೆ, ಬಿಡಿಸಿಕೊಡಿ” ಎಂದು ಅವರು ನನ್ನ ಮುಂದೆ ಕುಳಿತರು. ಆದರೆ ಅಲ್ಲಿ ಸುಂಕದ ಪ್ರಶ್ನೆಯೇ ಇರಲಿಲ್ಲ. ಕಡೆಗೆ ಅನುಮತಿ ಪಡೆದು ಖಡ್ಗವನ್ನು ಮಾರಾಟಗಾರನಿಗೇ ಮರಳಿಸಬೇಕಾಯಿತು. ಎರಡೂ ದಿಕ್ಕಿನ ಸಾಗಣೆ, ಗೋದಾಮಿನ ಬಾಡಿಗೆ, ದಂಡ, ಹರಾಜು ಸಂಸ್ಥೆಯ ದಲ್ಲಾಳಿ ಎಲ್ಲವೂ ಅವರ ತಲೆಯ ಮೇಲೆ ಬಿದ್ದವು. ಮೂಗಿಗಿಂತ ಮೂಗುತಿ ಭಾರವಾಯಿತು. ಅಂದು ನಾನು ಹೇಳದೆ ಉಳಿಸಿದ ಮಾತುಗಳನ್ನು ಈ ಲೇಖನದಲ್ಲಿ ಹೇಳಬಯಸುತ್ತೇನೆ.

ವಯಸ್ಸೇ ವರ್ಗೀಕರಣದ ಆಧಾರ

ಸುಂಕದ ಪಟ್ಟಿಯಲ್ಲಿ ಖಡ್ಗಕ್ಕೆ ಎರಡು ಮನೆಗಳಿವೆ. ಖಡ್ಗ, ಬಯೋನೆಟ್, ಭರ್ಜಿ ಮತ್ತು ಅವುಗಳ ಒರೆಗಳು 93ನೆಯ ಅಧ್ಯಾಯದ 9307ನೆಯ ಶೀರ್ಷಿಕೆಗೆ ಸೇರುತ್ತವೆ. ಆದರೆ ಆ ಅಧ್ಯಾಯದ ಟಿಪ್ಪಣಿಯೇ ಸಂಗ್ರಾಹಕರ ವಸ್ತುಗಳನ್ನೂ ಪುರಾತನ ವಸ್ತುಗಳನ್ನೂ ಹೊರಗಿಡುತ್ತದೆ. ನೂರು ವರ್ಷ ಮೀರಿದ ವಸ್ತು 9706ನೆಯ ಶೀರ್ಷಿಕೆಗೆ ಬರುತ್ತದೆ. 2022ರಿಂದ ಈ ಶೀರ್ಷಿಕೆಯಲ್ಲಿ 250 ವರ್ಷ ಮೀರಿದವು ಮತ್ತು ಇತರ ಎಂಬ ಎರಡು ಉಪವಿಭಾಗಗಳಿವೆ. ಟಿಪ್ಪುವಿನ ಆಳ್ವಿಕೆಯ ಕಾಲದಲ್ಲಿ, ಅಂದರೆ 1782ರಿಂದ 1799ರ ನಡುವೆ, ತಯಾರಾದ ಖಡ್ಗಕ್ಕೆ 250 ವರ್ಷ ಇನ್ನೂ ತುಂಬಿಲ್ಲವೆಂಬುದನ್ನು ಗಮನಿಸಬಹುದು.

ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟಿಷ್ ಅಧಿಕಾರಿಯ ಖಡ್ಗವು ನೂರು ವರ್ಷದ ಗೆರೆಯನ್ನು ನಿಶ್ಚಿತವಾಗಿ ದಾಟಿದೆ. ಎರಡನೆಯ ಮಹಾಯುದ್ಧಕ್ಕಾಗಿ ತಯಾರಾದ ಜಪಾನಿ ಸೈನ್ಯದ ಖಡ್ಗ ದಾಟಿಲ್ಲ. ನೋಡಲು ಎಷ್ಟೇ ಹಳೆಯದಾಗಿ ಕಂಡರೂ ಅದು ಪುರಾತನ ವಸ್ತುವಲ್ಲ. ವಯಸ್ಸನ್ನು ರುಜುವಾತುಪಡಿಸುವ ಹೊಣೆ ಆಮದುದಾರರದು. ಹರಾಜು ಪಟ್ಟಿಯ ವಿವರಣೆ, ಕಾಲವನ್ನು ನಮೂದಿಸಿದ ಬೀಜಕ, ಹಿಂದಿನ ಒಡೆತನದ ದಾಖಲೆ, ತಜ್ಞರ ಪ್ರಮಾಣಪತ್ರ ಇವುಗಳನ್ನು ಖರೀದಿಯ ವೇಳೆಯಲ್ಲಿಯೇ ಪಡೆಯತಕ್ಕದ್ದು. ವರ್ಗೀಕರಣದಲ್ಲಿ ಸಂದೇಹವಿದ್ದಲ್ಲಿ ಸುಂಕ ಮುಂಗಡ ತೀರ್ಪು ಪ್ರಾಧಿಕಾರದಿಂದ ಮೊದಲೇ ತೀರ್ಪು ಪಡೆಯುವ ಅವಕಾಶ ಕಾನೂನಿನಲ್ಲಿದೆ.

ಲೆಕ್ಕದ ಬಗೆ

ಸುಂಕ ವಿಧಿಸುವುದು ಹರಾಜಿನಲ್ಲಿ ಕೂಗಿದ ಬೆಲೆಯ ಮೇಲಷ್ಟೇ ಅಲ್ಲ. ಕೊಳ್ಳುವವರು ಹರಾಜು ಸಂಸ್ಥೆಗೆ ತೆರುವ ಪ್ರೀಮಿಯಂ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತವೇ ನಿರ್ಧಾರ್ಯ ಮೌಲ್ಯ. ಸಾಗಣೆ ವೆಚ್ಚ ತಿಳಿಯದಿದ್ದಲ್ಲಿ ಸರಕಿನ ಬೆಲೆಯ ಶೇ. 20, ವಿಮೆ ತಿಳಿಯದಿದ್ದಲ್ಲಿ ಶೇ. 1.125 ಎಂದು 2007ರ ಮೌಲ್ಯಮಾಪನ ನಿಯಮಗಳು ಗಣಿಸುತ್ತವೆ. ಆದುದರಿಂದ ಈ ಎರಡರ ರಸೀದಿಗಳನ್ನು ತಪ್ಪದೆ ಇಟ್ಟುಕೊಳ್ಳುವುದು ಲಾಭಕರ.

ಒಂದು ಉದಾಹರಣೆಯನ್ನು ನೋಡೋಣ. ಹರಾಜಿನ ಬೆಲೆ ರೂ. 10,00,000, ಪ್ರೀಮಿಯಂ ಶೇ. 25ರಂತೆ ರೂ. 2,50,000; ಸಾಗಣೆ ಮತ್ತು ವಿಮೆ ರೂ. 50,000. ನಿರ್ಧಾರ್ಯ ಮೌಲ್ಯ ರೂ. 13,00,000 ಆಯಿತು. 9706ನೆಯ ಶೀರ್ಷಿಕೆಯಡಿ ಮೂಲ ಸುಂಕ ಶೇ. 10ರಂತೆ ರೂ. 1,30,000. ಈ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ ರೂ. 13,000. ಇವನ್ನು ಕೂಡಿಸಿದ ರೂ. 14,43,000ದ ಮೇಲೆ ಸಮಗ್ರ ಸರಕು ಮತ್ತು ಸೇವಾ ತೆರಿಗೆ, ಅಂದರೆ ಐಜಿಎಸ್‌ಟಿ, ಶೇ. 5ರಂತೆ ರೂ. 72,150. ಒಟ್ಟು ರೂ. 2,15,150, ಅಂದರೆ ನಿರ್ಧಾರ್ಯ ಮೌಲ್ಯದ ಸುಮಾರು ಶೇ. 16.55.

2025ರ ಸೆಪ್ಟೆಂಬರ್ 22ಕ್ಕೆ ಮೊದಲು ಪುರಾತನ ವಸ್ತುಗಳ ಮೇಲಿನ ಐಜಿಎಸ್‌ಟಿ ಶೇ. 12 ಇತ್ತು. ಆಗಿನ ದರದಲ್ಲಿ ಇದೇ ಖಡ್ಗಕ್ಕೆ ಒಟ್ಟು ರೂ. 3,16,160 ತೆರಬೇಕಾಗುತ್ತಿತ್ತು. ದರಗಳು ಆಯವ್ಯಯದೊಂದಿಗೆ ಬದಲಾಗಬಹುದು. ಅನ್ವಯಿಸುವುದು ಹರಾಜಿನ ದಿನದ ದರವಲ್ಲ, ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಅಥವಾ ಸರಕು ಬಂದ ದಿನ, ಇವುಗಳಲ್ಲಿ ನಂತರದ್ದರ ದರ. ಆದಕಾರಣ ಆ ದಿನದ ಸುಂಕದ ಪಟ್ಟಿಯನ್ನು ಪರಿಶೀಲಿಸುವುದು ಅವಶ್ಯ. ಮರುಮಾರಾಟಕ್ಕಾಗಿ ತರಿಸುವ ನೋಂದಾಯಿತ ವ್ಯಾಪಾರಿಯು ಷರತ್ತುಗಳಿಗೊಳಪಟ್ಟು ಐಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಮನೆಯ ಗೋಡೆಗಾಗಿ ಕೊಳ್ಳುವವರಿಗೆ ಅದು ಪೂರ್ಣ ಖರ್ಚು. ಸಾರ್ವಜನಿಕ ಪ್ರದರ್ಶನಕ್ಕಾಗಿ ತರಿಸುವ ಪುರಾತನ ವಸ್ತುಗಳಿಗೆ ವಿನಾಯಿತಿ ನೀಡುವ ಪದ್ಧತಿಯೂ ಇದೆ. 2011ರ ಆಯವ್ಯಯದಲ್ಲಿ ಸಾರ್ವಜನಿಕರಿಗೆ ತೆರೆದಿರುವ ಖಾಸಗಿ ಕಲಾಶಾಲೆಗಳಿಗೂ ಅದನ್ನು ವಿಸ್ತರಿಸಲಾಯಿತು.

“ನಮ್ಮ ನೆಲದಲ್ಲಿಯೇ ತಯಾರಾದ ಖಡ್ಗ ಮರಳಿ ಬಂದರೆ ಅದಕ್ಕೂ ಸುಂಕವೇ?” ಎಂದು ಕೇಳುವವರಿದ್ದಾರೆ. ಹೌದು. ಒಮ್ಮೆ ರಫ್ತಾದ ಸರಕು ಮರಳಿ ಬಂದಲ್ಲಿ, ಅಂತಹುದೇ ವಿದೇಶಿ ಸರಕಿಗಿರುವ ಸುಂಕವೂ ನಿರ್ಬಂಧಗಳೂ ಅದಕ್ಕೆ ಅನ್ವಯಿಸುತ್ತವೆಂದು 1962ರ ಸುಂಕ ಕಾಯಿದೆಯ 20ನೆಯ ಪ್ರಕರಣ ಹೇಳುತ್ತದೆ. ಮರು ಆಮದಿನ ರಿಯಾಯಿತಿಗಳು ಕೆಲವೇ ವರ್ಷಗಳೊಳಗೆ, ರಫ್ತಿನ ದಾಖಲೆ ಸಹಿತ ಮರಳುವ ಸರಕಿಗೆ ಮಾತ್ರ. 1799ರ ಲೂಟಿಗೆ ಶಿಪ್ಪಿಂಗ್ ಬಿಲ್ ಎಲ್ಲಿಂದ ತರುವುದು?

ಸುಂಕಕ್ಕಿಂತ ಮೊದಲು ಪರವಾನಗಿ

1959ರ ಆಯುಧ ಕಾಯಿದೆಯ 10ನೆಯ ಪ್ರಕರಣದಂತೆ ಪರವಾನಗಿ ಇಲ್ಲದೆ ಯಾವುದೇ ಆಯುಧವನ್ನು ಭಾರತಕ್ಕೆ ತರುವಂತಿಲ್ಲ. 2016ರ ಆಯುಧ ನಿಯಮಗಳ ಮೊದಲನೆಯ ಅನುಸೂಚಿಯ 5ನೆಯ ವರ್ಗದಲ್ಲಿ ಖಡ್ಗ, ಕಠಾರಿ, ಭರ್ಜಿಗಳನ್ನೂ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಇತರ ಆಯುಧಗಳನ್ನೂ ಹೆಸರಿಸಲಾಗಿದೆ. ಪುರಾತನ ಮೌಲ್ಯದ ಆಯುಧಗಳಿಗೆ 45ನೆಯ ಪ್ರಕರಣದಲ್ಲಿ ವಿನಾಯಿತಿ ಇದೆಯೆಂದು ಸಂಗ್ರಾಹಕರು ವಾದಿಸುತ್ತಾರೆ. ಆದರೆ ಆ ಉಪಪ್ರಕರಣದ ಪದಗಳು ಬಂದೂಕಿನಂತೆ ಬಳಸಲಾಗದ ಆಯುಧವನ್ನು ಕುರಿತಿವೆ. ಬಂದರಿನಲ್ಲಿ ಅಧಿಕಾರಿಯ ಮುಂದೆ ನಿಂತು ಈ ವಾದ ಹೂಡುವುದಕ್ಕಿಂತ, ಸಕ್ಷಮ ಪರವಾನಗಿ ಪ್ರಾಧಿಕಾರದ ಲಿಖಿತ ಉತ್ತರವನ್ನು ಹರಾಜಿಗೆ ಮೊದಲೇ ಪಡೆಯುವುದು ವಿವೇಕ. ತಪ್ಪು ವಿವರಣೆಯಿಂದ ಬಂದ ಸರಕು ಮುಟ್ಟುಗೋಲಿಗೆ ಗುರಿಯಾಗುತ್ತದೆ. ಕಳುಹಿಸಿದವನ ಬರಹವೆಂಬ ಸಮಜಾಯಿಷಿ ಸಾಲದು.

ಹಿಡಿಯ ವಸ್ತುವನ್ನೂ ನೋಡಬೇಕು. ದಂತ ಅಥವಾ ಖಡ್ಗಮೃಗದ ಕೊಂಬಿನ ಹಿಡಿಯಿದ್ದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಅಡ್ಡಬರುತ್ತವೆ. ಅಂತಹುದನ್ನು ಕೊಳ್ಳದಿರುವುದೇ ಲೇಸು.

ಮಾರುವ ದೇಶದ ಕಾನೂನೂ ಇದೆ. ಬ್ರಿಟನ್ನಿನಲ್ಲಿ 50 ವರ್ಷ ಮೀರಿದ, ನಿಗದಿತ ಮೌಲ್ಯಕ್ಕಿಂತ ಹೆಚ್ಚಿನ ಸಾಂಸ್ಕೃತಿಕ ವಸ್ತುಗಳಿಗೆ ರಫ್ತು ಪರವಾನಗಿ ಬೇಕು. ಟಿಪ್ಪುವಿಗಾಗಿ ತಯಾರಾದ, 20 ಲಕ್ಷ ಪೌಂಡ್ ಬೆಲೆಯ ಬಂದೂಕೊಂದರ ರಫ್ತನ್ನು ಅಲ್ಲಿನ ಸರ್ಕಾರ 2023ರ ಮೇ ತಿಂಗಳಲ್ಲಿ ತಾತ್ಕಾಲಿಕವಾಗಿ ತಡೆಹಿಡಿಯಿತು. ಜಪಾನಿನಿಂದ ಖಡ್ಗ ಹೊರಬರಲು ಅಲ್ಲಿನ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಯ ಪ್ರಮಾಣಪತ್ರ ಅಗತ್ಯ.

ಒಳಗೆ ಬಂದದ್ದು ಹೊರಗೆ ಹೋಗದು

ವ್ಯಾಪಾರದ ದೃಷ್ಟಿಯಿಂದ ಕಡೆಯ ಮಾತು ಅತಿ ಮುಖ್ಯವಾದುದು. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯಿದೆಯಂತೆ ನೂರು ವರ್ಷ ತುಂಬಿದ ಕಲಾಕುಶಲ ವಸ್ತು ಪ್ರಾಚ್ಯವಸ್ತುವೆನಿಸುತ್ತದೆ. ಅದನ್ನು ರಫ್ತು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ಅಧಿಕಾರ ನೀಡಿದ ಸಂಸ್ಥೆಗೆ ಮಾತ್ರ. ಮಾರುವ ವ್ಯವಹಾರ ನಡೆಸಲು ಪ್ರತ್ಯೇಕ ಲೈಸೆನ್ಸ್ ಬೇಕು. ಲಂಡನ್ನಿನಲ್ಲಿ ಕೊಂಡು ಇಲ್ಲಿ ತೆರವುಗೊಳಿಸಿದ ಖಡ್ಗವನ್ನು ನಾಳೆ ಒಳ್ಳೆಯ ಬೆಲೆ ಬಂತೆಂದು ಲಂಡನ್ನಿಗೇ ಕಳುಹಿಸುವಂತಿಲ್ಲ. ಆದುದರಿಂದ ಇದನ್ನು ಹೂಡಿಕೆಯೆಂದು ಭಾವಿಸುವವರು ತಮ್ಮ ಮುಂದಿನ ಮಾರುಕಟ್ಟೆ ಈ ದೇಶದೊಳಗಷ್ಟೇ ಎಂಬುದನ್ನು ಅರಿತು ಬೆಲೆ ಕಟ್ಟಬೇಕು.

ಅಭಿಮಾನದಿಂದ ಪೂರ್ವಿಕರ ಕುರುಹನ್ನು ಮನೆಗೆ ತರುವ ಆಸೆ ತಪ್ಪಲ್ಲ. ಆದರೆ ಕ್ರಮ ತಪ್ಪಬಾರದು: ಮೊದಲು ಪರವಾನಗಿ, ಬಳಿಕ ವಯಸ್ಸಿನ ದಾಖಲೆ, ಅನಂತರ ಸುಂಕದ ಲೆಕ್ಕ, ಎಲ್ಲಕ್ಕೂ ಕಡೆಯಲ್ಲಿ ಹರಾಜಿನ ಸವಾಲು. ನಮ್ಮ ಕಕ್ಷಿದಾರರೂ ನಾನೂ ಈ ಕ್ರಮವನ್ನು ತಿರುವುಮುರುವಾಗಿ ಅನುಸರಿಸಿದೆವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆ ಇತರ ಸದಸ್ಯರ ಪಾಲಿಗೆ ಬಾರದಿರಲಿ.