ಪೆಟ್ಟು, ಜ್ವರ ಆದ ಮೇಲೆ ಮತ್ತೆ ಟ್ರಯಥ್ಲಾನ್ ತರಬೇತಿ: ಎಲ್ಲಿಂದ ಶುರು ಮಾಡೋದು?

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದರಂತೆ ಮುಗಿಸುವ ಸ್ಪರ್ಧೆ ಟ್ರಯಥ್ಲಾನ್. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸೇರಿದ ಈ ಆಟದ ಒಲಿಂಪಿಕ್ ಅಳತೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಮಂಡ್ಯದವರಿಗೆ 40ರ ಲೆಕ್ಕ ಸುಲಭ. ಮದ್ದೂರಿಗೆ ಹೋಗಿ ವಾಪಸ್ ಬಂದರೆ ಹೆಚ್ಚೂಕಡಿಮೆ ಅಷ್ಟೇ.

ಕಳೆದ ವರ್ಷ ನಮ್ಮ ಗುಂಪಿನಲ್ಲಿ ಇಬ್ಬರು ತರಬೇತಿ ನಿಲ್ಲಿಸಬೇಕಾಯಿತು. ಒಬ್ಬನಿಗೆ ಮೊಣಕಾಲಿನ ಕೆಳಗೆ ಮೂಳೆ ನೋವು. ಮಳವಳ್ಳಿಯ ಗೆಳೆಯನಿಗೆ ಡೆಂಗಿ. ಕಾಲುನೋವಿನವನು ನಾಲ್ಕು ವಾರ ಸುಮ್ಮನಿದ್ದು ಮತ್ತೆ ಶುರು ಮಾಡಿದ. ಎರಡನೇ ವಾರಕ್ಕೇ "ಉಸಿರು ಕಟ್ತಾ ಇಲ್ಲ ಕಣ್ರೋ, ಆರಾಮಾಗಿದ್ದೀನಿ" ಅಂತ 8 ಕಿ.ಮೀ. ಓಡಿದ. ಮಾರನೇ ದಿನ ಹಾಸ್ಟೆಲ್ ಮೆಟ್ಟಿಲು ಇಳಿಯೋಕೂ ಆಗಲಿಲ್ಲ. ಮತ್ತೆ ಆರು ವಾರ ಮಂಚ.

ತಪ್ಪಿದ್ದೆಲ್ಲಿ? ಕೆ.ಆರ್.ಎಸ್.ನಿಂದ ವಿ.ಸಿ. ನಾಲೆಗೆ ನೀರು ಬಿಟ್ಟ ದಿನವೇ ಮದ್ದೂರು, ಮಳವಳ್ಳಿಯ ಕೊನೇ ಭಾಗದ ಗದ್ದೆಗೆ ನೀರು ಬರಲ್ಲ ಅನ್ನೋದನ್ನ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ದೇಹವೂ ಹಾಗೇ. ಹೃದಯ, ಶ್ವಾಸಕೋಶ ನಾಲೆಯ ಮೇಲ್ಭಾಗ ಇದ್ದಂತೆ; ಕೆಲವೇ ವಾರಗಳಲ್ಲಿ ಚೇತರಿಸುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಟೆಂಡನ್‌ಗೆ ರಕ್ತದ ಹರಿವೇ ಕಡಿಮೆ. ಮೂಳೆ ಹಳೆಯದನ್ನು ತೆಗೆದು ಹೊಸದನ್ನು ಕಟ್ಟಿಕೊಳ್ಳೋಕೆ ತಿಂಗಳುಗಳೇ ಬೇಕು. ಇವು ಕೊನೇ ಭಾಗ. ಉಸಿರು ಸರಿಹೋಯ್ತು ಅಂತ ದೂರ ಹೆಚ್ಚಿಸಿದರೆ ಹೊಡೆತ ಬೀಳೋದು ಅಲ್ಲಿಗೇ.

ಟ್ರಯಥ್ಲಾನ್‌ನಲ್ಲಿ ಒಂದು ಅನುಕೂಲ ಇದೆ. ಮೂರು ಆಟಗಳೂ ಕಾಲಿನ ಮೇಲೆ ಹಾಕುವ ಭಾರ ಒಂದೇ ಅಲ್ಲ. ಈಜುವಾಗ ನೀರು ನಮ್ಮನ್ನು ಹೊರುತ್ತೆ. ಸೈಕಲ್‌ನಲ್ಲಿ ಸೀಟು ಹೊರುತ್ತೆ. ಓಡುವಾಗ ಮಾತ್ರ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಒಂದೇ ಕಾಲಿನ ಮೇಲೆ. 60 ಕೆ.ಜಿ. ಹುಡುಗನಿಗೆ ಅದು 120ರಿಂದ 180 ಕೆ.ಜಿ. ಭಾರಕ್ಕೆ ಸಮ, ಒಂದು ಕಿ.ಮೀ.ಗೆ ಸಾವಿರಕ್ಕೂ ಹೆಚ್ಚು ಸಲ. ಮೆಕ್ಯಾನಿಕಲ್‌ನವರಿಗೆ ಫಟೀಗ್ ಲೋಡ್ ಅಂದರೆ ಸಾಕು. ಹಾಗಾಗಿ ಕಾಲಿಗೆ ಪೆಟ್ಟಾದವರು ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ ಅಂತ ಹೋಗೋದು ಒಳ್ಳೇದು. ಓಟ ಕೂಡ 1 ನಿಮಿಷ ಓಡಿ 2 ನಿಮಿಷ ನಡೆಯುವುದರಿಂದ ಶುರುವಾಗಲಿ. ನಡೆಯುವಾಗಲೇ ನೋವಿದ್ದರೆ ಓಟದ ಮಾತೇ ಬೇಡ, ವೈದ್ಯರ ಹತ್ತಿರ ಹೋಗಿ.

ಜ್ವರದ ಕತೆ ಬೇರೆ. ಇಲ್ಲಿ ಮೇಲ್ಭಾಗವೇ ಸೊರಗಿರುತ್ತೆ. ಜ್ವರ ಇರುವಾಗ ತರಬೇತಿ ಬೇಡವೇ ಬೇಡ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರಬಲ್ಲವು. ಡೆಂಗಿ ಆಗಿದ್ದರೆ ಪ್ಲೇಟ್‌ಲೆಟ್ ಸರಿಹೋಗಿ ವೈದ್ಯರು ಹೂಂ ಅನ್ನುವವರೆಗೆ ಸೈಕಲ್ ಮುಟ್ಟಬೇಡಿ. ಬಿದ್ದರೆ ರಕ್ತಸ್ರಾವದ ಅಪಾಯ. ಆಮೇಲೂ ಸುಸ್ತು ವಾರಗಟ್ಟಲೆ ಉಳಿಯಬಹುದು. ಬೆಳಗ್ಗೆ ಎದ್ದೇಳುವ ಮೊದಲು ನಾಡಿ ಎಣಿಸಿ. ಮಾಮೂಲಿಗಿಂತ 10 ಬಡಿತ ಜಾಸ್ತಿ ಇದ್ದರೆ ಆ ದಿನ ರಜೆ. ಎದೆನೋವು, ತಲೆಸುತ್ತು, ಎದೆ ಡವಡವ ಅನ್ನೋದು ಕಂಡರೆ ತಕ್ಷಣ ನಿಲ್ಲಿಸಿ ತೋರಿಸಿಕೊಳ್ಳಿ.

ಎರಡು ಸಲ ಕೈಸುಟ್ಟುಕೊಂಡ ಮೇಲೆ ನಾವು ನೋಟ್‌ಬುಕ್‌ನಲ್ಲಿ ಕಿ.ಮೀ. ಬರೆಯೋದು ಬಿಟ್ಟು ದಿನ ಬರೆಯೋಕೆ ಶುರು ಮಾಡಿದೆವು. ವಾರಕ್ಕೆ ನಾಲ್ಕು ದಿನ, ದಿನಕ್ಕೆ 20ರಿಂದ 30 ನಿಮಿಷ, ಮಾತಾಡಿಕೊಂಡು ಮಾಡುವಷ್ಟು ವೇಗ. "ಇದನ್ನೇ ನಾಳೆಯೂ ಮಾಡಬಲ್ಲೆನಾ?" ಅನ್ನೋದೇ ಪರೀಕ್ಷೆ. ಮಾರನೇ ಬೆಳಗ್ಗೆ ನೋವು ಹೆಚ್ಚಿದ್ದರೆ ಹಿಂದಿನ ದಿನದ್ದು ಜಾಸ್ತಿಯಾಯ್ತು ಅಂತಲೇ ಅರ್ಥ. ಒಂದು ವಾರದಲ್ಲಿ ಸಮಯ, ವೇಗ, ದಿನ ಈ ಮೂರರಲ್ಲಿ ಒಂದನ್ನು ಮಾತ್ರ ಹೆಚ್ಚಿಸಬೇಕು. ತಪ್ಪಿದ ದಿನವನ್ನು ಬ್ಯಾಕ್‌ಲಾಗ್ ಥರ ಕೂಡಿಹಾಕಿ ಭಾನುವಾರ ತೀರಿಸೋಕೆ ಹೋಗಬಾರದು. ಹೋಗಿದ್ದು ಹೋಯ್ತು.

ನಮ್ಮ ಕಡೆಗೆ ಬೇಕಾದ ಎಚ್ಚರಿಕೆ ಎರಡು. ಈಜೋಕೆ ಈಜುಕೊಳವೇ ಆಗಲಿ, ನಾಲೆಗೆ ಇಳಿಯಬೇಡಿ. ಸೆಳೆತ ಮೇಲೆ ಕಾಣಲ್ಲ, ಸುಸ್ತಾದ ದೇಹಕ್ಕೆ ದಡ ಹತ್ತೋಕೆ ಆಗಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಸೈಕಲ್‌ಗಳಿಗೆ ಪ್ರವೇಶ ಇಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು, ಅಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಮೇಲೆ ಕಣ್ಣಿರಲಿ.

ಮಳವಳ್ಳಿಯ ಗೆಳೆಯ ಮೊದಲ ತಿಂಗಳು ಗೆಜ್ಜಲಗೆರೆ ತಲುಪುವ ಮೊದಲೇ ವಾಪಸ್ ತಿರುಗುತ್ತಿದ್ದ. ನಾವು ರೇಗಿಸಿದರೆ "ಮದ್ದೂರು ವಡೆ ಎಲ್ಲೂ ಓಡಿಹೋಗಲ್ಲ ಬಿಡ್ರೋ" ಅಂತಿದ್ದ. ಮೂರನೇ ತಿಂಗಳು ಮದ್ದೂರಿಗೆ ಹೋಗಿ ತಿಂದೂ ಬಂದ. ಅವಸರ ಮಾಡಿದ ನಮ್ಮ ಇನ್ನೊಬ್ಬ ಗೆಳೆಯ ಈಗಲೂ 1 ನಿಮಿಷ ಓಟ, 2 ನಿಮಿಷ ನಡಿಗೆಯಲ್ಲೇ ಇದ್ದಾನೆ. ಆದರೆ ಒಂಬತ್ತು ವಾರದಿಂದ ಒಂದು ದಿನವೂ ತಪ್ಪಿಸಿಲ್ಲ.