ಪುನರಾರಂಭದ ಅನಂತರ ಕಡಿದುಹೋಗುವ ನಿಸ್ತಂತು ಸಂಪರ್ಕ: ದೋಷಶೋಧನೆಯ ಕ್ರಮ

ಲ್ಯಾಪ್‌ಟಾಪಿನ ನಿಸ್ತಂತು ಸಂಪರ್ಕವು, ಎಂದರೆ ವೈ-ಫೈ, ಒಂದು ಗಳಿಗೆಯ ಹಿಂದೆ ಸರಿಯಾಗಿದ್ದು, ಯಂತ್ರವನ್ನು ಪುನಃ ಆರಂಭಿಸಿದೊಡನೆ ಕಾಣದೆ ಹೋಗುವುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅಪರಿಚಿತವಾದ ಸಂಗತಿಯಲ್ಲ. ಆಗ ಸಾಮಾನ್ಯವಾಗಿ ನಡೆಯುವುದೇನು? ಯಂತ್ರವನ್ನು ಮತ್ತೆ ಮತ್ತೆ ಆರಂಭಿಸುವುದು. ಕಣ್ಣಿಗೆ ಬಿದ್ದ ಆಯ್ಕೆಗಳನ್ನೆಲ್ಲ ಬದಲಾಯಿಸುವುದು. ಕೊನೆಗೆ ಆಪರೇಟಿಂಗ್ ಸಿಸ್ಟಮನ್ನೇ ಅಳಿಸಿ ಹೊಸದಾಗಿ ಸ್ಥಾಪಿಸುವುದು. ಬೇರೆಡೆ ಪ್ರತಿ ತೆಗೆದಿಡದ ಪ್ರಬಂಧದ ಕರಡುಗಳೂ ಪ್ರಯೋಗದ ಅಂಕಿಅಂಶಗಳೂ ಈ ಕೊನೆಯ ಹೆಜ್ಜೆಯಲ್ಲಿ ನಾಶವಾಗುವ ಸಂಭವವುಂಟು. ದೋಷವಾದರೋ ಬಹುಮಟ್ಟಿಗೆ ಇಷ್ಟು ಉಗ್ರವಾದ ಚಿಕಿತ್ಸೆಯನ್ನು ಬೇಡುವಂಥದಲ್ಲ. ಸಂಪರ್ಕವೆಂಬುದು ಒಂದೇ ಕ್ರಿಯೆಯಲ್ಲ. ಒಂದನ್ನು ಆಧರಿಸಿ ಮತ್ತೊಂದು ನಿಂತಿರುವ ಹಲವು ಕ್ರಿಯೆಗಳ ಸರಣಿ. ಈ ಸರಣಿಯಲ್ಲಿ ಮೊದಲು ಮುರಿದ ಕೊಂಡಿ ಯಾವುದೆಂದು ಗುರುತಿಸುವುದೇ ದೋಷಶೋಧನೆಯ ತಿರುಳು. ಇದನ್ನು ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪುನರಾರಂಭ ಮತ್ತು ಸ್ಥಗಿತ

ಯಂತ್ರವನ್ನು ‘ಶಟ್ ಡೌನ್’ ಮಾಡಿ ತೆರೆಯುವುದು ‘ರೀಸ್ಟಾರ್ಟ್’ ಮಾಡುವುದಕ್ಕಿಂತ ಸಮಗ್ರವಾದ ಕ್ರಮವೆಂದು ಅನೇಕರ ಭಾವನೆ. ೨೦೧೨ರಲ್ಲಿ ವಿಂಡೋಸ್ ೮ ಬಂದಂದಿನಿಂದ ಈ ಭಾವನೆಗೆ ಆಧಾರ ಕಡಿಮೆಯಾಗಿದೆ. ಅದರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಜಾರಿಯಲ್ಲಿರುವಾಗ ಶಟ್ ಡೌನ್ ಮಾಡಿದರೆ, ಸಿಸ್ಟಮಿನ ಗರ್ಭಭಾಗವೂ ಡ್ರೈವರುಗಳ ಆಗಿನ ಸ್ಥಿತಿಯೂ ಡಿಸ್ಕಿನ ಮೇಲೆ ಬರೆದಿಡಲ್ಪಟ್ಟು, ಮುಂದಿನ ಆರಂಭದಲ್ಲಿ ಹಾಗೆಯೇ ಓದಲ್ಪಡುತ್ತವೆ. ರೀಸ್ಟಾರ್ಟ್ ಮಾಡಿದಾಗಲಾದರೆ ಎಲ್ಲವೂ ಮೊದಲಿನಿಂದ ಕಟ್ಟಲ್ಪಡುತ್ತದೆ.

ಇದರಿಂದ ಎರಡು ಫಲಗಳುಂಟು. ಡ್ರೈವರಿನಲ್ಲಿ ಸಿಕ್ಕಿಕೊಂಡ ದೋಷವು ಶಟ್ ಡೌನಿನಿಂದ ಹೋಗದೆ ರೀಸ್ಟಾರ್ಟಿನಿಂದ ಹೋಗಬಹುದು. ಮತ್ತೊಂದು ಕಡೆ, ಕೆಲವು ದಿನಗಳ ಹಿಂದೆಯೇ ಬಂದು ಕಾದು ಕುಳಿತಿದ್ದ ಹೊಸ ಡ್ರೈವರು ರೀಸ್ಟಾರ್ಟಿನ ಸಮಯದಲ್ಲಿ ಜಾರಿಗೆ ಬರುವುದರಿಂದ, ಅದರ ಅಪರಾಧವು ನಿರಪರಾಧಿಯಾದ ಪುನರಾರಂಭದ ತಲೆಗೆ ಬರುವುದೂ ಉಂಟು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ರೀಸ್ಟಾರ್ಟ್ ಮಾಡಿದಾಗ ವೈ-ಫೈ ಕಾರ್ಡಿಗೆ ಹರಿಯುವ ವಿದ್ಯುತ್ತು ಪೂರ್ಣವಾಗಿ ನಿಲ್ಲದಿರಬಹುದು. ಕಾರ್ಡೇ ಅಸ್ತವ್ಯಸ್ತ ಸ್ಥಿತಿಯಲ್ಲಿದ್ದರೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದು ಚೇತರಿಸಿಕೊಳ್ಳದು. ಆಗ ಷಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್ ಡೌನ್ ಆಯ್ಕೆಮಾಡಬೇಕು. ಇದು ಪೂರ್ಣ ಸ್ಥಗಿತ. ಬಳಿಕ ಚಾರ್ಜರನ್ನು ಕಳಚಿ, ಅರ್ಧ ನಿಮಿಷ ಕಳೆದ ಮೇಲೆ ತೆರೆಯುವುದು ಯುಕ್ತ.

೨. ಸಂಪರ್ಕದ ಐದು ಸೋಪಾನಗಳು

ವೈ-ಫೈಗೆ ಆಧಾರವಾದ ಐಇಇಇ ೮೦೨.೧೧ ಎಂಬ ಮಾನಕವು ಮೊದಲು ೧೯೯೭ರಲ್ಲಿ ಪ್ರಕಟವಾಯಿತು. ಅನಂತರ ವೇಗವೂ ಭದ್ರತೆಯೂ ಬಹಳ ಬೆಳೆದಿದ್ದರೂ ಕ್ರಿಯೆಗಳ ಅನುಕ್ರಮ ಮಾತ್ರ ಸ್ಥೂಲವಾಗಿ ಹೀಗಿದೆ.

ಮೊದಲನೆಯದಾಗಿ, ಸಿಸ್ಟಮ್ ವೈ-ಫೈ ಕಾರ್ಡನ್ನು ಗುರುತಿಸಿ ಅದರ ಡ್ರೈವರನ್ನು ಚಾಲನೆಗೊಳಿಸುತ್ತದೆ. ಎರಡನೆಯದಾಗಿ, ಕಾರ್ಡು ೨.೪ ಮತ್ತು ೫ ಗಿಗಾಹರ್ಟ್ಸ್ ಆವರ್ತನಗಳ ಸುತ್ತಿನ ಪಟ್ಟಿಗಳಲ್ಲಿ ಆಲಿಸಿ ಪರಿಚಿತವಾದ ಜಾಲವನ್ನು ಅರಸುತ್ತದೆ. ಮೂರನೆಯದಾಗಿ, ರೂಟರೂ ಲ್ಯಾಪ್‌ಟಾಪೂ ಪರಸ್ಪರ ಗುರುತನ್ನು ಖಚಿತಪಡಿಸಿಕೊಳ್ಳುತ್ತವೆ. ಪಾಸ್‌ವರ್ಡನ್ನು ಗಾಳಿಯಲ್ಲಿ ಕಳುಹಿಸದೆಯೇ ಇಬ್ಬರೂ ಅದನ್ನು ಬಲ್ಲರೆಂಬುದು ನಾಲ್ಕು ಸಂದೇಶಗಳ ವಿನಿಮಯದಿಂದ ಸ್ಥಿರಪಡುತ್ತದೆ. ನಾಲ್ಕನೆಯದಾಗಿ, ಡಿಎಚ್‌ಸಿಪಿ ಎಂಬ ನಿಯಮಾವಳಿಯಂತೆ ಲ್ಯಾಪ್‌ಟಾಪು ತನಗೊಂದು ಐಪಿ ವಿಳಾಸವನ್ನು ಬೇಡಿ ಪಡೆಯುತ್ತದೆ. ಐದನೆಯದಾಗಿ, ನಾವು ಟೈಪು ಮಾಡಿದ ತಾಣದ ಹೆಸರನ್ನು ಡಿಎನ್‌ಎಸ್ ವ್ಯವಸ್ಥೆ ಸಂಖ್ಯಾವಿಳಾಸವಾಗಿ ಪರಿವರ್ತಿಸುತ್ತದೆ.

೩. ಲಕ್ಷಣದಿಂದ ಕಾರಣಕ್ಕೆ

ವೈ-ಫೈ ಚಿಹ್ನೆಯೇ ಕಾಣದಿದ್ದರೆ ದೋಷವು ಮೊದಲ ಸೋಪಾನದಲ್ಲಿದೆ; ರೂಟರನ್ನು ಮುಟ್ಟಬೇಕಾದ ಕಾರಣವಿಲ್ಲ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರಿನ ಮೇಲೆ ಹಳದಿ ತ್ರಿಕೋನವೂ ‘ಕೋಡ್ ೧೦’ ಎಂಬ ಸೂಚನೆಯೂ ಇದ್ದರೆ, ಕಾರ್ಡು ಗುರುತಿಸಲ್ಪಟ್ಟಿದೆ, ಆದರೆ ಚಾಲನೆಗೊಂಡಿಲ್ಲವೆಂದು ಅರ್ಥ. ಅನೇಕ ಕಾರ್ಡುಗಳಿಗೆ ಅವುಗಳ ಆಂತರಿಕ ಕಾರ್ಯಕ್ರಮವಾದ ಫರ್ಮ್‌ವೇರನ್ನು ಪ್ರತಿಯೊಂದು ಆರಂಭದಲ್ಲಿಯೂ ಡ್ರೈವರೇ ತುಂಬಬೇಕಾಗಿರುವುದರಿಂದ, ಇಂತಹ ವಿಫಲತೆ ಪುನರಾರಂಭದ ಹೊತ್ತಿನಲ್ಲಿಯೇ ಪ್ರಕಟವಾಗುವುದು ಸಹಜ. ಮೊದಲು ಮೇಲೆ ಹೇಳಿದ ಪೂರ್ಣ ಸ್ಥಗಿತವನ್ನೂ, ಅದು ಫಲಿಸದಿದ್ದರೆ ಹಿಂದಿನ ಡ್ರೈವರಿಗೆ ಮರಳುವುದನ್ನೂ ಪ್ರಯತ್ನಿಸಬೇಕು.

ಚಿಹ್ನೆಯಿದ್ದು ಯಾವ ಜಾಲವೂ ಕಾಣದಿದ್ದರೆ ಏರೋಪ್ಲೇನ್ ಮೋಡನ್ನು ಪರೀಕ್ಷಿಸತಕ್ಕದ್ದು. ಆ ಸ್ಥಿತಿಯು ಪುನರಾರಂಭದಿಂದ ಅಳಿಯುವುದಿಲ್ಲ. ಇತರ ಜಾಲಗಳು ಕಂಡು ತಮ್ಮದು ಮಾತ್ರ ಕಾಣದಿದ್ದರೆ ರೂಟರಿನ ಕಡೆ ನೋಡಬೇಕು. ವಿದ್ಯುತ್ತು ಹೋಗಿ ಬಂದಾಗ ರೂಟರೂ ಪುನಃ ಆರಂಭವಾಗುತ್ತದೆ. ೫ ಗಿಗಾಹರ್ಟ್ಸ್ ಪಟ್ಟಿಯ ಕೆಲವು ಚಾನೆಲುಗಳನ್ನು ರಡಾರುಗಳೂ ಬಳಸುವುದರಿಂದ, ಅವುಗಳಲ್ಲಿ ಪ್ರಸಾರಮಾಡುವ ಮೊದಲು ರೂಟರು ಕನಿಷ್ಠ ೬೦ ಸೆಕೆಂಡುಗಳ ಕಾಲ ಆಲಿಸಬೇಕೆಂಬ ನಿಯಮವುಂಟು. ಇಲ್ಲಿ ಬೇಕಾದ ಚಿಕಿತ್ಸೆ ತಾಳ್ಮೆಯೊಂದೇ.

ಜಾಲ ಕಂಡರೂ ತಾನಾಗಿ ಸೇರಿಕೊಳ್ಳದಿದ್ದರೆ, ‘ಸ್ವಯಂ ಸಂಪರ್ಕ’ದ ಆಯ್ಕೆ ತಪ್ಪಿಹೋಗಿರಬಹುದು. ಸೇರಲು ಯತ್ನಿಸಿ ತಿರಸ್ಕೃತವಾದರೆ, ಆ ಜಾಲವನ್ನು ‘ಮರೆಯುವಂತೆ’ ಮಾಡಿ ಪಾಸ್‌ವರ್ಡನ್ನು ಹೊಸದಾಗಿ ಕೊಡುವುದು ಮೂರನೆಯ ಸೋಪಾನಕ್ಕೆ ತಕ್ಕ ಪರಿಹಾರ.

ಸಂಪರ್ಕವಾಗಿದೆಯೆಂದು ತೋರಿಸಿಯೂ ಏನೂ ತೆರೆಯದಿದ್ದರೆ ಐಪಿ ವಿಳಾಸವನ್ನು ನೋಡಬೇಕು. ಅದು ೧೬೯.೨೫೪ ಎಂದು ಆರಂಭವಾಗಿದ್ದರೆ, ವಿಳಾಸ ಕೊಡುವವರು ಯಾರೂ ಉತ್ತರಿಸದೆ ಯಂತ್ರವು ತನಗೆ ತಾನೇ ಒಂದನ್ನು ಆರಿಸಿಕೊಂಡಿದೆಯೆಂದು ತಿಳಿಯಬೇಕು. ಇದು ನಾಲ್ಕನೆಯ ಸೋಪಾನದ ದೋಷ. ವಿಳಾಸ ಸರಿಯಾಗಿದ್ದರೆ, ಮೈಕ್ ಮೂಸ್ ೧೯೮೩ರಲ್ಲಿ ಬರೆದ ‘ಪಿಂಗ್’ ಎಂಬ ಸಣ್ಣ ಕಾರ್ಯಕ್ರಮ ಇಂದಿಗೂ ಉತ್ತಮ ಸಾಧನ. ಅದರಿಂದ ಮೊದಲು ರೂಟರನ್ನು, ಬಳಿಕ ೮.೮.೮.೮ರಂತಹ ಹೊರಗಿನ ಸಂಖ್ಯಾವಿಳಾಸವನ್ನು, ಕೊನೆಗೆ ಒಂದು ತಾಣದ ಹೆಸರನ್ನು ಕರೆದು ನೋಡಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷವು ಡಿಎನ್‌ಎಸ್‌ನಲ್ಲಿದೆ.

೪. ಗಡಿಯಾರದಿಂದ ಬರುವ ತೊಡಕು

ವಿದ್ಯಾಸಂಸ್ಥೆಗಳ ಜಾಲಗಳಲ್ಲಿ ಒಂದು ವಿಚಿತ್ರವಾದ ಕಾರಣವೂ ಕಾಣಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಭಾಗವಹಿಸಿರುವ ‘ಎಜುರೋಮ್’ನಂತಹ ವ್ಯವಸ್ಥೆಯಲ್ಲಿ, ಲ್ಯಾಪ್‌ಟಾಪು ತಾನು ಸೇರುವ ಮೊದಲು ಎದುರಿನ ಸರ್ವರಿನ ಪ್ರಮಾಣಪತ್ರವನ್ನು ಪರಿಶೀಲಿಸುತ್ತದೆ. ಪ್ರಮಾಣಪತ್ರಕ್ಕೆ ಆರಂಭದ ದಿನಾಂಕವೂ ಮುಕ್ತಾಯದ ದಿನಾಂಕವೂ ಉಂಟು. ಬ್ಯಾಟರಿ ಪೂರ್ಣವಾಗಿ ಬರಿದಾಗಿ ಯಂತ್ರದ ಗಡಿಯಾರವು ಹಿಂದಿನ ಯಾವುದೋ ವರ್ಷಕ್ಕೆ ಸರಿದಿದ್ದರೆ, ನಿರ್ದುಷ್ಟವಾದ ಪತ್ರವೂ ಇನ್ನೂ ಜಾರಿಗೆ ಬಾರದ ಪತ್ರದಂತೆ ತೋರಿ ತಿರಸ್ಕೃತವಾಗುತ್ತದೆ. ಗಡಿಯಾರ ತಾನಾಗಿ ಸರಿಯಾಗಲು ಸಂಪರ್ಕ ಬೇಕು. ಸಂಪರ್ಕಕ್ಕೆ ಸರಿಯಾದ ಗಡಿಯಾರ ಬೇಕು. ದಿನಾಂಕವನ್ನು ಕೈಯಿಂದಲೇ ತಿದ್ದಿದರೆ ಈ ಚಕ್ರ ಮುರಿಯುತ್ತದೆ.

೫. ವಿಧಾನದ ಮಾತು

ಆಸುಪಾಸಿನ ಬೇರೊಂದು ಉಪಕರಣ ಅದೇ ಜಾಲದಲ್ಲಿ ಕೆಲಸಮಾಡುತ್ತಿದೆಯೇ ಎಂಬ ಒಂದೇ ಪ್ರಶ್ನೆಯಿಂದ ಅರ್ಧದಷ್ಟು ಶಂಕೆಗಳು ನಿವಾರಣೆಯಾಗುತ್ತವೆ. ಅನಂತರ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಟ್ಟುಕೊಳ್ಳಬೇಕು. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವನಿಗೆ ದೋಷ ಹೋದರೂ ಕಾರಣ ತಿಳಿಯದು. ಮುಂದಿನ ಪುನರಾರಂಭದಲ್ಲಿ ಅದು ಮರಳಿದರೆ ಅವನು ಮೊದಲಿದ್ದಲ್ಲಿಯೇ ಇರುತ್ತಾನೆ. ‘ನೆಟ್‌ವರ್ಕ್ ರಿಸೆಟ್’ ಎಂಬ ಉಪಾಯವು ಉಳಿಸಿಟ್ಟ ಜಾಲಗಳನ್ನೂ ಪಾಸ್‌ವರ್ಡುಗಳನ್ನೂ ಅಳಿಸುತ್ತದೆಯಾಗಿ ಅದಕ್ಕೆ ಕೊನೆಯ ಸ್ಥಾನವೇ ತಕ್ಕುದು. ಸಿಸ್ಟಮಿನ ಮರುಸ್ಥಾಪನೆಯಂತೂ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿದ ಮೇಲಲ್ಲದೆ ಯೋಚಿಸಲೇಬಾರದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಕಲಿಸುವ ಶಿಸ್ತು ಮೇಜಿನ ಮೇಲಿನ ಈ ಯಂತ್ರಕ್ಕೂ ಸಲ್ಲುತ್ತದೆ.