ಹಂಪೆಯ ಬಿಸಿಲು, ಹಂಪೆಯ ಹೊಳೆ

ಹೊಸಪೇಟೆಯಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ಬೇಸಗೆಯಲ್ಲಿ ಹೋಗುವವರು ಮುಂಜಾವದಲ್ಲಿಯೇ ಹೊರಡುವುದು ಲೇಸು. ಅಲ್ಲಿಯ ಗ್ರಾನೈಟ್ ಬಂಡೆಗಳು ಹಗಲೆಲ್ಲ ಹೀರಿದ ಕಾವನ್ನು ಸೂರ್ಯಾಸ್ತದ ಅನಂತರವೂ ಹೊರಸೂಸುತ್ತವೆ. ನಡುಹಗಲಿನಲ್ಲಂತೂ ನೆತ್ತಿಯೂ ಅಂಗಾಲೂ ಒಂದೇ ಸಮನೆ ಸುಡುತ್ತವೆ. ತಲೆಗೆ ಹತ್ತಿಯ ವಸ್ತ್ರ, ಜೊತೆಗೆ ಉಪ್ಪು ಬೆರೆಸಿದ ಮಜ್ಜಿಗೆ ಇರಲಿ. ಬೆವರಿನೊಡನೆ ಕಳೆದ ಲವಣವನ್ನು ಬರಿಯ ನೀರು ತುಂಬಿಕೊಡಲಾರದು.

ಮಳೆಗಾಲದಲ್ಲಿಯೂ ಈ ಸೀಮೆಯಲ್ಲಿ ಬಿಸಿಲುಂಟು. ಬಳಲಿದವರನ್ನು ತುಂಗಭದ್ರೆ ಕೈಬೀಸಿ ಕರೆಯುತ್ತಾಳೆ. ಹೆಚ್ಚಿನ ಎಚ್ಚರ ಬೇಕಾದುದು ಇಲ್ಲಿಯೇ. ನೀರಿನಡಿಯ ಬಂಡೆಗಳ ನಡುವೆ ಸುಳಿಗಳಿವೆ. ಮಳೆ ಸುರಿಯುವುದು ದೂರದ ಮಲೆನಾಡಿನಲ್ಲಿ. ಹಂಪೆಯ ಆಕಾಶ ನಿರ್ಮಲವಾಗಿರುವಾಗಲೇ ಹೊಸಪೇಟೆಯ ಅಣೆಕಟ್ಟಿನ ಬಾಗಿಲು ತೆರೆದು ಹೊಳೆ ಏರಬಹುದು. ಆಗ ಪುರಂದರ ಮಂಟಪವೂ ಕಂಪ್ಲಿಯ ಸೇತುವೆಯೂ ಮುಳುಗುವುದುಂಟು. ಅಂತಹ ದಿನ ಹರಿಗೋಲಿನವನು ದಾಟಿಸಲು ಒಪ್ಪದಿದ್ದರೆ ಅವನೊಡನೆ ವಾದಿಸಬಾರದು.